ಆಜ್ಞೆಯನ್ನು ಬಿಟ್ಟು ಬರೆದ ವರದಿ

ಕೆಳಗಿನವರ ಅವಿಧೇಯತೆಯ ಬಗ್ಗೆ ಗಂಟೆಗಟ್ಟಲೆ ಮಾತನಾಡುವವರನ್ನು ನಾನು ಸಾಕಷ್ಟು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ಪಾಲಿಸಲು ಯೋಗ್ಯವಾದ ಒಂದೇ ಒಂದು ಆಜ್ಞೆಯನ್ನೂ ಜನ್ಮದಲ್ಲಿ ಕೊಟ್ಟವರಲ್ಲ. ನಮ್ಮ ಕಾಲೇಜಿನ ಕೆಡೆಟ್ ದಳದ ಅಧಿಕಾರಿ ಅಂಥವರಲ್ಲೊಬ್ಬರು. ವಾರದ ಐದು ದಿನ ಅವರು ವಾಣಿಜ್ಯಶಾಸ್ತ್ರದ ಉಪನ್ಯಾಸಕರು. ಅಂಚು ಹಳದಿಯಾದ ಟಿಪ್ಪಣಿಗಳನ್ನು ಓದಿ ಬರೆಸುತ್ತಿದ್ದರು. ಶನಿವಾರ ಭುಜದ ಮೇಲೆ ಎರಡು ನಕ್ಷತ್ರ ಏರಿದೊಡನೆ ನಡಿಗೆಯೇ ಬದಲಾಗುತ್ತಿತ್ತು. ಕೆಲವು ವಾರಗಳ ತರಬೇತಿಯಲ್ಲಿ ದೊರೆತ ಆ ನಕ್ಷತ್ರಗಳನ್ನು ಯಾವುದೋ ಗಡಿಯಲ್ಲಿ ರಕ್ತ ಸುರಿಸಿ ಗೆದ್ದವರಂತೆ ಅವರು ಆಗಾಗ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಾನು ಆಗ ಹುಡುಗಿಯರ ತುಕಡಿಯ ನಾಯಕಿ. ನನ್ನ ಕೈಕೆಳಗೆ ಮುಂಡಾಜೆಯ ಒಬ್ಬಳಿದ್ದಳು. ಓದಿನಲ್ಲಿ ಇಬ್ಬರೂ ಕೊನೆಯ ವರ್ಷ. ಹುದ್ದೆಯಲ್ಲಿ ಮಾತ್ರ ಅವಳು ಸಾಮಾನ್ಯ ಕೆಡೆಟ್. ಪರೇಡಿನ ದಿನ ಅವಳು ನಸುಕಿನ ಬಸ್ಸು ಹಿಡಿದು ಕಾಲೇಜಿದ್ದ ಬಿ.ಸಿ.ರೋಡಿನಲ್ಲಿ ಇಳಿಯುತ್ತಿದ್ದಳು, ಆದರೂ ಮೈದಾನಕ್ಕೆ ಬರುವುದರಲ್ಲಿ ಅವಳೇ ಮೊದಲು. ತಾಯಿ ಬೀಡಿ ಕಟ್ಟುತ್ತಿದ್ದರು. ಅವಳಿಗೆ ಸೇನೆಗೆ ಸೇರಬೇಕಿತ್ತು, ಅದಕ್ಕೆ ದಳದ ಕೊನೆಯ ಪ್ರಮಾಣಪತ್ರ ಬಹಳ ನೆರವಾಗುತ್ತಿತ್ತು. ಎರಡು ಶಿಬಿರ ಮುಗಿಸದೆ ಅದರ ಪರೀಕ್ಷೆಗೆ ಕೂರುವಂತಿರಲಿಲ್ಲ. ಹಿಂದಿನ ವರ್ಷದ್ದೊಂದು ಕಾಮಾಲೆಯಲ್ಲಿ ಕೈತಪ್ಪಿತ್ತು. ಹಾಗಾಗಿ ಮೂಡುಬಿದಿರೆಯ ಆ ಹತ್ತು ದಿನಗಳ ಶಿಬಿರ ಅವಳ ಪಾಲಿಗೆ ಕೊನೆಯ ಅವಕಾಶವಾಗಿತ್ತು.

ಆರನೆಯ ದಿನ ಬೆಳಗಿನ ತಿಂಡಿಯ ನಂತರ ಅಧಿಕಾರಿ ನಮ್ಮ ಆರು ಮಂದಿಯನ್ನು ಸಾಲು ನಿಲ್ಲಿಸಿದರು. ಹತ್ತಿರದ ಪುತ್ತಿಗೆಯಲ್ಲಿ ಅವರ ಭಾವನ ಹೊಸ ಮನೆಯ ಒಕ್ಕಲು, ಅಂದರೆ ಗೃಹಪ್ರವೇಶ. ಬಾಗಿಲಲ್ಲಿ ಸಮವಸ್ತ್ರ ತೊಟ್ಟ ಹುಡುಗಿಯರು ನಿಂತು ಅತಿಥಿಗಳಿಗೆ ಪನ್ನೀರು ಚಿಮುಕಿಸಿ ಹೂ ಕೊಟ್ಟರೆ ಚಂದ ಕಾಣುತ್ತದೆ ಎಂಬುದು ಅವರ ರಣತಂತ್ರ.

"ಹತ್ತು ಗಂಟೆಗೆ ವ್ಯಾನು ಬರ್ತದೆ. ಬೂಟಿಗೆ ಪಾಲಿಶ್ ಹಾಕಿ ರೆಡಿ ಇರಿ," ಎಂದರು.

ಮುಂಡಾಜೆಯವಳು ಒಂದು ಹೆಜ್ಜೆ ಮುಂದೆ ಬಂದು ಸೆಲ್ಯೂಟ್ ಮಾಡಿದಳು. "ಸರ್, ಇದು ಡ್ಯೂಟಿಯಾ?"

"ನಾನು ಹೇಳಿದ್ದೆಲ್ಲ ಡ್ಯೂಟಿಯೇ."

"ಹಾಗಾದ್ರೆ ನಾನು ಬರುವುದಿಲ್ಲ ಸರ್. ಒಕ್ಕಲಿಗೆ ಕರೆದ್ರೆ ಸೀರೆ ಉಟ್ಟು ಬರ್ತೇನೆ, ಬೇಕಾದ್ರೆ ಬಡಿಸ್ತೇನೆ ಕೂಡ. ಈ ಡ್ರೆಸ್ಸಲ್ಲಿ ಪನ್ನೀರು ಹಾಕ್ಲಿಕ್ಕೆ ಆಗುದಿಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವೇ ಅವರನ್ನು ಕೆಣಕಿದ್ದೆಂದು ನನ್ನ ನಂಬಿಕೆ. ಯೋಗ್ಯ ನಾಯಕನಾಗಿದ್ದರೆ ಆ ಕ್ಷಣದಲ್ಲಿ ತಾನು ಕೊಟ್ಟ ಆಜ್ಞೆಯನ್ನೊಮ್ಮೆ ತಿರುಗಿ ನೋಡಿಕೊಳ್ಳುತ್ತಿದ್ದ. ಇವರು ಇಡೀ ತುಕಡಿಗೆ ತಲೆಯ ಮೇಲೆ ಕೈಯೆತ್ತಿ ಮೈದಾನಕ್ಕೆ ಹದಿನೈದು ಸುತ್ತು ಓಡುವ ಶಿಕ್ಷೆ ಕೊಟ್ಟರು. ಅವಳನ್ನು ಮಾತ್ರ ನೆರಳಿನಲ್ಲಿ ಕುರ್ಚಿ ಹಾಕಿ ಕೂರಿಸಿದರು. ಹೇಡಿಯ ಜಾಣತನಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಸಿಕ್ಕಿಲ್ಲ. ತಾನು ಗೆಲ್ಲಲಾಗದ ವಾದವನ್ನು ಅವಳ ಗೆಳತಿಯರ ಕಾಲುನೋವಿನ ಕೈಗೆ ಒಪ್ಪಿಸಿಬಿಡುವುದು.

ಅದು ಫಲಿಸಿತು. ಏಳನೆಯ ಸುತ್ತಿನಲ್ಲಿ ಒಬ್ಬಳು ಕುರ್ಚಿಯ ಕಡೆಗೆ ಕೂಗಿದಳು: "ನಿನ್ನ ಒಂದು ಬಾಯಿಗೆ ನಮ್ಮೆಲ್ಲರ ಕಾಲು ಹೋಯ್ತಲ್ಲ ಮಾರಾಯ್ತಿ! ಎರಡು ಹನಿ ಪನ್ನೀರು ಹಾಕಿದ್ರೆ ನಿನ್ನ ಗಂಟು ಎಂತ ಹೋಗ್ತಿತ್ತು?"

ಹತ್ತು ಗಂಟೆಗೆ ವ್ಯಾನು ಬಂತು. ಉಳಿದ ಐದು ಮಂದಿ ಹೋದೆವು. ಹೌದು, ನಾನೂ ಹೋದೆ. ಒಬ್ಬ ಅತಿಥಿ ನನ್ನ ಎದೆಯ ಮೇಲಿನ ಪದಕವನ್ನು ಬೆರಳಿನಿಂದ ತಟ್ಟಿ, "ಇದು ಬಾಡಿಗೆದ್ದಾ?" ಎಂದು ಕೇಳಿದ. ಮನೆಯವರೆಲ್ಲ ನಕ್ಕರು, ಅಧಿಕಾರಿ ಎಲ್ಲರಿಗಿಂತ ಜೋರಾಗಿ.

ಅವಿಧೇಯತೆಯನ್ನು ಹೇಗೆ ನಿಭಾಯಿಸಬೇಕೆಂದು ಕಲಿಯಲು ಅವರು ದೂರ ಹೋಗಬೇಕಿರಲಿಲ್ಲ. ಅದೇ ಶಿಬಿರದಲ್ಲಿ ನಮಗೆ ಕವಾಯತು ಕಲಿಸುತ್ತಿದ್ದ ಹವಾಲ್ದಾರರಿದ್ದರು; ಬೆಳಗಾವಿ ಕಡೆಯವರು, ಹಿಮದಲ್ಲಿ ಎರಡು ಚಳಿಗಾಲ ಕಳೆದು ಬಂದ ನಿಜವಾದ ಸಿಪಾಯಿ. ಮೊದಲ ವರ್ಷದ ಶಿಬಿರದಲ್ಲೂ ಅವರೇ ಇದ್ದರು; ಅಲ್ಲಿ ನಾನು ಸಿಟ್ಟಿನಿಂದ ಅಭ್ಯಾಸದ ಬಂದೂಕನ್ನು ನೆಲಕ್ಕೆ ಎಸೆದಿದ್ದೆ. ಅವರು ಎಲ್ಲರೆದುರು ಒಂದು ಮಾತೂ ಆಡಲಿಲ್ಲ. ಉಳಿದವರನ್ನು ನೀರು ಕುಡಿಯಲು ಕಳುಹಿಸಿ ನನ್ನನ್ನು ಬದಿಗೆ ಕರೆದರು. "ಹೇಳವಾ, ಯಾಕ ಒಗದಿ? ಬ್ಯಾನಿ ಆಗಿತ್ತೇನು, ಸಿಟ್ಟು ಬಂದಿತ್ತೇನು?" ಸಿಟ್ಟು ಎಂದೆ. ಬಂದೂಕು ಬಿಚ್ಚಿ, ಒರೆಸಿ, ಮತ್ತೆ ಜೋಡಿಸುವ ಕೆಲಸವನ್ನು ಮೂರು ದಿನ ನನಗೊಬ್ಬಳಿಗೇ ಕೊಟ್ಟರು. ನಾಲ್ಕನೆಯ ದಿನ ಅದರ ಸುದ್ದಿಯಿಲ್ಲ. ಮೊದಲು ಕಾರಣ ಕೇಳಿದರು. ಶಿಕ್ಷೆ ತಪ್ಪಿನಷ್ಟೇ ಇತ್ತು, ತಪ್ಪು ಮಾಡಿದವಳಿಗಷ್ಟೇ ಇತ್ತು, ಮುಗಿದ ಮೇಲೆ ಮುಗಿದೇ ಹೋಯಿತು. ಇಷ್ಟಕ್ಕೆ ನಕ್ಷತ್ರಗಳೇನೂ ಬೇಕಿರಲಿಲ್ಲ.

ಒಕ್ಕಲಿನಿಂದ ಮರಳಿದ ಮೇಲೆ ಅಧಿಕಾರಿ ನನ್ನನ್ನು ಕರೆದು ಕಾಗದ ಚಾಚಿದರು. ಅವಳನ್ನು ಮನೆಗೆ ಕಳುಹಿಸಲು ತುಕಡಿಯ ನಾಯಕಿಯ ಲಿಖಿತ ವರದಿ ಬೇಕಿತ್ತು.

"ಅವಳು ಹೇಳಿದ್ದನ್ನು ಬರಿ, ಸಾಕು. ನಾನು ಹೇಳಿದ್ದು ಎಲ್ಲ ಬೇಡ. ದೆಹಲಿ ಪರೇಡಿಗೆ ಹೆಸರು ಕಳಿಸುದುಂಟು ಈ ವಾರ, ಗೊತ್ತುಂಟಲ್ಲ?"

ನನಗೆ ಗೊತ್ತಿತ್ತು. ಹಾಗೆಯೇ ಬರೆದೆ. 'ಮೇಲಧಿಕಾರಿಯ ಆಜ್ಞೆಯನ್ನು ತುಕಡಿಯ ಎದುರಿನಲ್ಲಿ ನಿರಾಕರಿಸಿದ್ದಾಳೆ.' ಯಾವ ಆಜ್ಞೆ ಎಂಬುದು ಆ ಅರ್ಧ ಪುಟದಲ್ಲಿ ಎಲ್ಲಿಯೂ ಇರಲಿಲ್ಲ.

ಒಪ್ಪಿಸಲು ಹೊರಟಾಗ ಎದುರಾದ ಹವಾಲ್ದಾರರು ಅದನ್ನು ಇಸಿದುಕೊಂಡು ಎರಡು ಸಲ ಓದಿದರು. "ಇದರಾಗ ಆಕಿ ಏನಂದ್ಲು ಅನ್ನೂದೈತಿ. ಸಾಹೇಬ್ರು ಏನ್ ಹುಕುಂ ಕೊಟ್ರು ಅನ್ನೂದು ಎಲ್ಲೈತಿ?"

"ಬರೀಬೇಡ ಅಂದ್ರು."

"ಸಹಿ ಅವರದಲ್ಲ ಯವ್ವಾ, ನಿಂದು."

ಕಾಗದವನ್ನು ನನಗೆ ಮರಳಿಸಿ ಅವರು ಅಧಿಕಾರಿಯ ಕೋಣೆಗೆ ಹೋಗಿ ಮಾತನಾಡಿದರು. ಐದು ನಿಮಿಷದಲ್ಲಿ ಮುಖ ಬಿಗಿದುಕೊಂಡು ಹೊರಬಂದರು. ಕಾಗದ ಆಗಲೂ ನನ್ನ ಕೈಯಲ್ಲಿತ್ತು. ಹರಿದುಹಾಕಬಹುದಿತ್ತು, ಇನ್ನೊಂದು ಸಾಲು ಸೇರಿಸಬಹುದಿತ್ತು. ನಾನು ಹೋಗಿ ಅದನ್ನು ಒಪ್ಪಿಸಿದೆ.

ಮರುದಿನ ಬೆಳಿಗ್ಗೆ ಅವಳನ್ನು ಬೆಳ್ತಂಗಡಿಯ ಬಸ್ಸಿಗೆ ಹತ್ತಿಸುವ ಕೆಲಸವೂ ನನ್ನದೇ. ಟ್ರಂಕನ್ನು ಸೀಟಿನಡಿಗೆ ತಳ್ಳಿ ಅವಳು ಕಿಟಕಿಯಿಂದ ಕೇಳಿದಳು: "ಎಂತ ಬರ್ದದ್ದು ನೀನು?"

"ನೀನು ಹೇಳಿದ್ದನ್ನೇ."

"ಅದಕ್ಕೆ ಮೊದಲು ಅವರು ಹೇಳಿದ್ದು?"

ನಾನು ಬಸ್ಸಿನ ಬೋರ್ಡು ಓದತೊಡಗಿದೆ. ಅವಳು ಕಿಟಕಿಯ ಗಾಜನ್ನು ಎಳೆದುಕೊಂಡಳು.

ದೆಹಲಿ ಪರೇಡಿನ ಪಟ್ಟಿಯಲ್ಲಿ ನನ್ನ ಹೆಸರು ಹೋಯಿತು, ಆಯ್ಕೆಯ ಮುಂದಿನ ಸುತ್ತಿನಲ್ಲೇ ಬಿದ್ದಿತು. ಅಷ್ಟು ಅಗ್ಗಕ್ಕೆ ಮಾರಿಕೊಂಡಿದ್ದೆ. ಅವಳು ಪರೀಕ್ಷೆಗೆ ಕೂರಲಿಲ್ಲ. ಪ್ರಮಾಣಪತ್ರವಿಲ್ಲದೆ ಎರಡು ಬಾರಿ ನೇಮಕಾತಿಗೆ ಹೋಗಿ ಅಲ್ಪ ಅಂತರದಲ್ಲಿ ಹಿಂದೆ ಬಿದ್ದಳು, ಅಷ್ಟರಲ್ಲಿ ವಯಸ್ಸಿನ ಮಿತಿ ದಾಟಿತು. ಅಧಿಕಾರಿಯ ಭುಜದಲ್ಲಿ ಈಗ ಮೂರು ನಕ್ಷತ್ರಗಳಿವೆ. ನಾಯಕತ್ವದ ಬಗ್ಗೆ ಅವರು ಶಾಲೆ ಶಾಲೆಗೆ ಹೋಗಿ ಉಪನ್ಯಾಸ ಕೊಡುತ್ತಾರಂತೆ.

ಈ ವರ್ಷ ಮುಂಡಾಜೆಗೆ ಹೋಗಿ ಅವಳ ಮುಂದೆ ದಳದ ಕಚೇರಿಗೆಂದು ಬರೆದ ಎರಡನೆಯ ವರದಿಯನ್ನು ಇಟ್ಟೆ. ಮೊದಲ ಸಾಲಿನಲ್ಲಿ ಆಜ್ಞೆಯಿತ್ತು, ಅದು ಯಾರದೆಂದು ಇತ್ತು, ನಾನು ಅದನ್ನು ಯಾಕೆ ಮುಚ್ಚಿಟ್ಟೆ ಎಂಬುದೂ ಇತ್ತು. ಅವಳು ನಿಧಾನವಾಗಿ ಓದಿದಳು.

"ನನಗೆ ಇನ್ನು ಇದರಿಂದ ಎಂತದೂ ಇಲ್ಲ," ಎಂದಳು. "ಆದ್ರೆ ಕಳಿಸು. ನನ್ನನ್ನು ಕ್ಷಮಿಸು ಅಂತ ಬರ್ದಿದ್ದೀಯಲ್ಲ, ಆ ಸಾಲು ತೆಗಿ. ಆಫೀಸಿನವರಿಗೆ ಅದು ಯಾಕೆ?"

ಆ ಸಾಲು ತೆಗೆದು ಕಳುಹಿಸಿದೆ. ತಿಂಗಳ ನಂತರ ದಳದ ಕಚೇರಿಯಿಂದ ಮೂರು ಸಾಲಿನ ಉತ್ತರ ಬಂತು: ಇಷ್ಟು ವರ್ಷ ತಡವಾಗಿ ದೂರು ಕೊಡಲು ಕಾರಣವೇನೆಂದು ನಾನು ವಿವರಿಸಬೇಕಂತೆ. ನ್ಯಾಯವಾದ ಪ್ರಶ್ನೆ. ಹೆದರಿದ್ದೆ, ಆಸೆಪಟ್ಟಿದ್ದೆ ಎಂದು ಬರೆದು ಸಹಿ ಹಾಕಿದ್ದೇನೆ. ಅದರ ಕೆಳಗೆ, ಇಂಥದೇ ಒಂದು ಪ್ರಶ್ನೆಯನ್ನು ಆಜ್ಞೆ ಕೊಟ್ಟವರಿಗೂ ಯಾವ ದಿನ ಕಳುಹಿಸುತ್ತೀರಿ, ಅದರ ಪ್ರತಿ ಮುಂಡಾಜೆಗೆ ಯಾವಾಗ ತಲುಪುತ್ತದೆ ಎಂದು ಕೇಳಿದ್ದೇನೆ.