ಬಯಕೆಯ ವಾಸನೆ

ನಾರ್ವೆ ಎಂಬ ಹಳ್ಳಿಯ ಕಡೆ ಆರೋಗ್ಯ ಸರ್ವೆಗೆ ಹೋಗಿದ್ದಾಗ ಒಬ್ಬ ತಾಯಿ ತನ್ನ ಮಗಳನ್ನು ತೋರಿಸಿದರು. ಇಪ್ಪತ್ತಾದರೂ ಹುಡುಗಿ ಮೈನೆರೆದಿರಲಿಲ್ಲ. ಹೊಟ್ಟೆಯಲ್ಲಿದ್ದಾಗಲೇ ವಿಷ ತಾಗಿರಬಹುದು ಎಂದು ಡಾಕ್ಟರು ಅನುಮಾನಪಟ್ಟಿದ್ದರಂತೆ.

“ಬಸುರಿಯಾಗಿದ್ದಾಗ ಗದ್ದೆಗೆ ಹುಳದ ಔಷಧಿ ಹೊಡೀತಿದ್ರಾ?” ಎಂದೆ.

“ಹೊಡೆಯೋದು ಇವಳಪ್ಪ. ಕಲಸಿ ಕೊಡೋದು ನಾನು, ಬರಿಗೈಲಿ. ಬೇರೆಯವರಿಗೆ ಮಾವಿನಕಾಯಿ ಬಯಕೆ, ನಂಗೆ ಆ ವಾಸನೆದೇ ಬಯಕೆ ಮಾರಾಯ್ರೆ! ಕ್ಯಾನಿನ ಮುಚ್ಚಳ ತೆಗೆದು ಮೂಸ್ತಾ ಕೂರ್ತಿದ್ದೆ,” ಎಂದು ನಕ್ಕರು.

ಅಷ್ಟರಲ್ಲಿ ಪಕ್ಕದ ಗದ್ದೆಯಲ್ಲಿ ಯಾರೋ ಔಷಧಿ ಹೊಡೆಯತೊಡಗಿದರು. ಗಾಳಿಗೆ ಘಾಟು ಬಂತು. ನಾನು ಮೂಗು ಮುಚ್ಚಿಕೊಂಡೆ. ಅದುವರೆಗೆ ಮಾತೇ ಆಡದ ಹುಡುಗಿ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, “ಎಷ್ಟು ಪರಿಮಳ ಅಲ್ವಾ ಅಮ್ಮಾ?” ಅಂದಳು.

ತಾಯಿಯ ನಗು ನಿಂತಿತು.

ನನ್ನ ಫಾರಂನಲ್ಲಿ ಬೀಡಿಯ ಚಟಕ್ಕೊಂದು, ಎಲೆಅಡಿಕೆಯ ಚಟಕ್ಕೊಂದು ಕಾಲಂ ಇತ್ತು. ಹುಟ್ಟುವ ಮೊದಲೇ ಹತ್ತಿದ್ದನ್ನು ಎಲ್ಲಿ ಬರೆಯುವುದು?