ಮುಂದಕ್ಕೆ ಬಂದ ಮೀನಖಂಡ

ಗಂಗಣ್ಣ ಪಾದವನ್ನು ನೆಲಕ್ಕೊತ್ತಿದರೆ ಅವನ ಕಾಲಿನ ಮುಂಭಾಗದಲ್ಲಿ, ಬರೀ ಮೂಳೆಯಿರಬೇಕಾದ ಜಾಗದಲ್ಲಿ, ಏನೋ ಮಿಸುಕುತ್ತಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಪವರ್‌ಲೂಮ್ ರಿಪೇರಿ ಮಾಡುತ್ತಿದ್ದ ಅವನು, ಬಂದವರಿಗೆ ಟೀ ಕೊಡುವ ಮೊದಲೇ ಪಂಚೆ ಸರಿಸಿ ಇದನ್ನು ತೋರಿಸುತ್ತಿದ್ದ. "ಹಿಂದಿನ ಮೀನಖಂಡ ಕಣೋ. ಮುಂದಕ್ಕೆ ಟ್ರಾನ್ಸ್‌ಫರ್ ಆಗಿದೆ."

ಮಗ್ಗದ ಬೀಮ್ ಬಿದ್ದು ಮೂಳೆ ಮುರಿದಾಗ ಒಳಗೆ ಪ್ಲೇಟ್ ಹಾಕಿದ್ದರು. ಕಾಲು ಎತ್ತರದಲ್ಲಿಟ್ಟುಕೊಳ್ಳಿ ಎಂದಿದ್ದರು ಡಾಕ್ಟರು. ಗಂಗಣ್ಣ ಚಾಚೂ ತಪ್ಪದೆ ಪಾಲಿಸಿದ: ಮನೆಯಲ್ಲಿ ಓಡುತ್ತಿದ್ದ ಮಗ್ಗದ ಚೌಕಟ್ಟಿನ ಮೇಲೆ ಇಟ್ಟುಕೊಂಡ. ಆ ನಡುಕಕ್ಕೆ ರಕ್ತ ಚೆನ್ನಾಗಿ ಓಡುತ್ತದೆಂಬುದು ಇಡೀ ಬೀದಿಯ ನಂಬಿಕೆ. ಹೊಲಿಗೆ ಬಿಚ್ಚಿತು, ಗಾಯದೊಳಗಿಂದ ಪ್ಲೇಟ್ ಇಣುಕಿತು. ಕೊನೆಗೆ ಮೀನಖಂಡದ ಒಂದು ಭಾಗವನ್ನು ತಿರುಗಿಸಿ ತಂದು ಮುಚ್ಚಿ, ಮೇಲೆ ತೊಡೆಯ ಚರ್ಮ ಹೊದಿಸಿದರು.

ಆಮೇಲೆ ನನ್ನ ಸರದಿ. ನೆಲಮಂಗಲದ ಗೋದಾಮಿನ ಕೆಲಸಕ್ಕೆ ಹೋಗುವಾಗ ಅರಿಶಿನಕುಂಟೆ ಹತ್ತಿರ ಸ್ಕೂಟರ್ ಜಾರಿ ನನಗೂ ಪ್ಲೇಟ್ ಬಿತ್ತು. ಗಾಯ ಕೂಡಲಿಲ್ಲ. ಮಾಂಸ ಹೊದಿಸದಿದ್ದರೆ ಸೋಂಕು ಮೂಳೆಗಿಳಿದು ಕಾಲಿಗೇ ಕುತ್ತು ಎಂದರು. ನೆಗಡಿಯಾದರೂ ಉಯಿಲಿನ ಬಗ್ಗೆ ಯೋಚಿಸುವವನು ನಾನು. ಹೂಂ ಅನ್ನಲೂ ಆಗದೆ, ಊಹೂಂ ಅನ್ನಲೂ ಆಗದೆ ಗಂಗಣ್ಣನ ಬಳಿ ಹೋದೆ.

ಮೋಟಾರು ಬಿಸಿಯಾಗಿದೆಯೇ ಎಂದು ನೋಡುವಂತೆ, ಕೈಯ ಹಿಂಬದಿಯನ್ನು ನನ್ನ ಬ್ಯಾಂಡೇಜಿನ ಪಕ್ಕ ತಾಗಿಸಿದ.

"ಕಾದಿದೆ ಗುರು. ಮಾಡಿಸ್ಕೊಂಬಿಡು."

"ಹಿಂದಿಂದ್ ತೆಗೆದ್ರೆ ಹಿಂದೆ ಏನಿರುತ್ತೆ?"

"ಸ್ವಲ್ಪ ಖಾಲಿ ಇರುತ್ತೆ. ನಿನ್ ಹಿಂದೆ ಯಾರ್ ನೋಡ್ತಾರಲೇ?"

"ನಡೆಯೋವಾಗ ಕಾಲಿಗೆ ಕನ್‌ಫ್ಯೂಸ್ ಆಗಲ್ವಾ?"

"ಕಾಲಿಗಾಗಲ್ಲ, ನಿಂಗಾಗುತ್ತೆ. ನಿಂಗ್ ಪ್ಲೇಟ್ ಹಾಕೋಕ್ ಮುಂಚೇನೂ ಆಗ್ತಿತ್ತಲ್ಲ!"

ಹೊರಟವನನ್ನು ಬಾಗಿಲಿಂದ ಕೂಗಿದ: "ಮಗ್ಗದ್ ಮೇಲೆ ಮಾತ್ರ ಕಾಲಿಡ್ಬೇಡ ಕಣಪ್ಪಾ!"

ಅವನನ್ನು ನೋಡಿದ್ದು ಅದೇ ಕೊನೆ. ನಾನೂ ಅದೇ ಆಪರೇಷನ್ ಮಾಡಿಸಿಕೊಂಡು ಆಸ್ಪತ್ರೆಯಲ್ಲಿದ್ದಾಗಲೇ ಹೃದಯ ನಿಂತು ಹೋಗಿಬಿಟ್ಟನಂತೆ. ನನ್ನ ಗಾಬರಿ ಬಲ್ಲ ಹೆಂಡತಿ, ಗಾಯ ಒಣಗಿದ ಮೇಲಷ್ಟೇ ಹೇಳಿದಳು.

ಮೊನ್ನೆ ಮಂಚದ ಅಂಚಿನಲ್ಲಿ ಕೂತು ಪಾದ ಒತ್ತಿದೆ. ಮುಂಭಾಗದಲ್ಲಿ ಏನೋ ಮಿಸುಕಿತು. ಇದು ಸರಿಯೋ, ಅತಿಯಾಯಿತೋ? ಅವನದೂ ಇಷ್ಟೇ ಮಿಸುಕುತ್ತಿತ್ತೋ? ಎಲ್ಲ ಸರಿಯಾಗಿದೆ ಎಂದರು ಡಾಕ್ಟರು. ಆದರೆ ಅವರದು ಮಿಸುಕುವುದಿಲ್ಲವಲ್ಲ.

ಗಂಗಣ್ಣನ ಮನೆಯ ಮುಂದೆ ಹೋಗಿ, ಪ್ಯಾಂಟು ಮಡಿಸಿ ಪಾದವನ್ನು ನೆಲಕ್ಕೊತ್ತಿದೆ. ಒಳಗೆ ಮಗ್ಗ ಓಡುತ್ತಿತ್ತು.