ಬ್ಯಾಂಡ್‌ಸೆಟ್ ಚಾಚಾ ತಿದ್ದಿದ ರಾಗ

“ಉಸಿರು ತಗಳ್ಳೋಕೆ ಜಾಗಾನೇ ಬಿಟ್ಟಿಲ್ವಲ್ಲ ಬೇಟಿ!” ಬ್ಯಾಂಡ್‌ಸೆಟ್‌ನ ಚಾಚಾ ಏದುಸಿರು ಬಿಡುತ್ತಾ ಕ್ಲಾರಿನೆಟ್ ಕೆಳಗಿಳಿಸಿದರು. ಶಿರಾದಲ್ಲಿ ನನ್ನ ಚಿಕ್ಕಪ್ಪನ ಮಗಳ ಮದುವೆ. ಮೆರವಣಿಗೆ ಮುಗಿಸಿ ಊಟಕ್ಕೆ ಕಾಯುತ್ತಿದ್ದ ಅವರಿಗೆ, ಜರ್ಮನಿಯಲ್ಲಿ ಸಂಗೀತ ಸಂಯೋಜನೆ ಓದುತ್ತಿರುವ ನಾನು ನನ್ನ ಹೊಸ ರಚನೆಯನ್ನು ಗುನುಗಿ ಕಲಿಸಿದ್ದೆ. ಜರ್ಮನಿಯಲ್ಲಿ ಅದನ್ನು ಕೇಳಿದವರ ಮುಖ ಅರಳಿರಲಿಲ್ಲ. ಇದು ನನ್ನ ಕೈಲಾಗದ ಕೆಲಸ, ಓದು ಬಿಡುತ್ತೇನೆ ಎಂದು ಅಪ್ಪನಿಗೆ ಹೇಳಲೆಂದೇ ಊರಿಗೆ ಬಂದಿದ್ದೆ.

“ನಾನು ಕಂಪ್ಯೂಟರ್‌ನಲ್ಲಿ ಬರೆಯೋದು ಚಾಚಾ, ಅದಕ್ಕೆ ಉಸಿರು ಕಟ್ಟಲ್ಲ,” ಎಂದೆ. ಡ್ರಮ್ಮಿನವರೆಲ್ಲ ನಕ್ಕರು.

“ನಂಗೆ ಕಟ್ಟುತ್ತಲ್ಲ! ಇಲ್ಲೊಸಿ ನಿಲ್ಲು, ಅಲ್ಲೊಸಿ ನಿಲ್ಲು. ರಾಗ ಚೆನ್ನಾಗೈತೆ ಕಣಮ್ಮ, ಕೆಡಿಸ್ಬ್ಯಾಡ,” ಎಂದವರೇ ಹಾಗೆ ಅಲ್ಲಲ್ಲಿ ನಿಂತು ಮತ್ತೆ ನುಡಿಸಿದರು. ಈ ಸಲ ಡ್ರಮ್ಮಿನವರ ಕೈಯೂ ತಾನಾಗಿ ಆಡಿತು. ಕೈ ತೊಳೆಯಲು ಹೊರಟಿದ್ದ ಇಬ್ಬರು ಅಜ್ಜಿಯರು ಅಲ್ಲೇ ನಿಂತು ತಲೆದೂಗಿದರು. ನನಗೆ ಕಣ್ಣು ತುಂಬಿ ಬಂತು.

ಓದು ಬಿಡುವ ಮಾತನ್ನು ಅಪ್ಪನಿಗೆ ಹೇಳದೆಯೇ ಜರ್ಮನಿಯ ವಿಮಾನ ಹತ್ತಿದೆ. ಮುಂದೆ ಸಂಗೀತ ಅನ್ನ ಕೊಡುತ್ತದೋ ಇಲ್ಲವೋ, ಇನ್ನೂ ಗೊತ್ತಿಲ್ಲ. ಈಗಂತೂ ಪ್ರತಿ ಸಾಲನ್ನೂ ಗಟ್ಟಿಯಾಗಿ ಹಾಡಿಕೊಂಡೇ ಬರೆಯುತ್ತೇನೆ, ಪಕ್ಕದ ಕೋಣೆಯವಳು ಗೋಡೆ ಬಡಿದರೂ ಸರಿ.